ವರ್ನ್, ಮುಟ್ಟಬೇಡ

ಕಾರಿಗನ್ ರಿಡ್ಜ್, ಟ್ಯಾಸ್ಮೇನಿಯಾ
20 ನವೆಂಬರ್ 1988, ಭಾನುವಾರ

ಆಥಲ್,

ಲಕೋಟೆಯ ಹಿಂದೆ ನನ್ನ ಹೆಸರು ನೋಡಿದ ಕೂಡಲೇ ಒಲೆಗೆ ಹಾಕಬೇಡ. ಓದಿ ಆಮೇಲೆ ಹಾಕು. ಇಪ್ಪತ್ತೇಳು ವರ್ಷದ ಮೇಲೆ ಇವನು ಬರೆಯುತ್ತಿದ್ದಾನೆ ಅಂದರೆ ಯಾರೋ ಸತ್ತಿರಬೇಕು ಅಂದುಕೊಳ್ಳುತ್ತೀಯ. ಯಾರೂ ಸತ್ತಿಲ್ಲ. ಒಂದು ಬೆಕ್ಕು ಸಾಯುವುದರಲ್ಲಿತ್ತು, ಅದೂ ಸತ್ತಿಲ್ಲ. ವಿಳಾಸ ಕೊಟ್ಟವಳು ಬರ್ನಿಯಲ್ಲಿರುವ ನಿನ್ನ ಅಕ್ಕ. ಅವಳ ಮೇಲೆ ಕೋಪ ಮಾಡಬೇಡ, ನಾನೇ ಮೂರು ಸಲ ಹೋಗಿ ಬಾಗಿಲಲ್ಲಿ ನಿಂತೆ.

ಕಳೆದ ಸೋಮವಾರ ಎನಿಡ್ ಬೇಲಿ ದಾಟಿ ಬಂದಳು. ಎನಿಡ್ ಅಂದರೆ ಪೈಬಸ್ ಮುದುಕನ ಮಗಳು, ನಿನಗೆ ಹೇಳಬೇಕಾಗಿಲ್ಲ. ಮುದುಕ ಈಗಿಲ್ಲ. ಅವಳ ಗಂಡನೂ ತೀರಿಕೊಂಡ, ಎರಡು ವರ್ಷದಿಂದ ಅಪ್ಪನ ಮನೆಯಲ್ಲೇ ಇದ್ದಾಳೆ. ಅವಳಿಗೊಂದು ಬಿಳಿ ಬೆಕ್ಕು, ಹೆಸರು ಬಿಷಪ್. ಅದನ್ನು ಒದ್ದೆ ಟವೆಲಿನಲ್ಲಿ ಸುತ್ತಿ ತಂದು ನನ್ನ ಮುಂದೆ ಹಿಡಿದಳು.

"ವರ್ನ್, ಇದರ ಹೊಟ್ಟೆ ನೋಡು."

ನೋಡಿದೆ. ಹೊಟ್ಟೆಯೆಲ್ಲ ಹಳದಿ.

"ಈ ಬಣ್ಣ ಭೂಮಿ ಮೇಲೆ ಇನ್ನೆಲ್ಲೂ ಇಲ್ಲ. ಒಂದು ಕಾಲದಲ್ಲಿ ನನ್ನ ಬಿಳಿ ಫ್ರಾಕಿನ ಹಿಂದೆ ಇತ್ತು. ಈಗ ನನ್ನ ಬೆಕ್ಕಿನ ಹೊಟ್ಟೆ ಮೇಲಿದೆ. ನಿನ್ನ ಶೆಡ್ಡಲ್ಲಿ ಏನಿಟ್ಟಿದೀಯೋ?"

"ಏನಿಲ್ಲ" ಅಂದೆ.

"ನೀನು ಏನಿಲ್ಲ ಅಂದ್ರೆ ಏನೋ ಇದೆ. ಇದರ ಮೈ ಕಾದ ಕಾವಲಿ ಆಗಿದೆ ನೋಡು. ನೀನು ನಮ್ಮಪ್ಪನ ಹೊಲದಲ್ಲಿ ಬಿದ್ದಾಗ ಹೀಗೇ ಆಗಿದ್ದಲ್ವಾ?"

ಹೀಗೇ ಆಗಿದ್ದು. ನಾವು ಹೊಡೆಯುತ್ತಿದ್ದ ಕಳೆ ಔಷಧಿಯ ಹಳದಿ ಮೈಗೆ ಇಳಿದರೆ ಒಳಗಿನಿಂದ ಬೇಯಿಸುತ್ತದೆ ಎಂದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು. ದನದ ತೊಟ್ಟಿಯೊಳಕ್ಕೆ ನನ್ನನ್ನು ಹೊತ್ತು ಹಾಕಿದವನು ನೀನೇ. ಬೆಕ್ಕಿಗೂ ಅದನ್ನೇ ಮಾಡಿದೆವು. ಕೈಗವಸು ಹಾಕಿ ಸೋಪಿನಲ್ಲಿ ತೊಳೆದು, ಪಶುವೈದ್ಯರಿಗೆ ಫೋನು ಮಾಡಿ, ಅವರು ಬರುವ ತನಕ ಫ್ಯಾನಿನ ಮುಂದೆ ಒದ್ದೆ ಬಟ್ಟೆಯ ಮೇಲೆ ಮಲಗಿಸಿದೆವು. ಬಿಷಪ್ ಬದುಕಿದ. ಹೊಟ್ಟೆ ಬೋಳಿಸಿದ್ದಾರೆ. ನನ್ನನ್ನು ಕಂಡರೆ ಮುಖ ತಿರುಗಿಸುತ್ತಾನೆ.

ಈಗ ವಿಷಯಕ್ಕೆ ಬರುತ್ತೇನೆ. ನೀನು ಬಿಟ್ಟುಹೋದ ಹತ್ತು ಗ್ಯಾಲನ್ ಡ್ರಮ್ಮು ಬಿಟ್ಟಲ್ಲೇ ಇದೆ. ಅದರ ಮೇಲೆ ಕೆಂಪು ಬಣ್ಣದಲ್ಲಿ ನಿನ್ನ ಕೈಬರಹ: "ವರ್ನ್, ಮುಟ್ಟಬೇಡ. — ಆ." ನಾನು ಮುಟ್ಟಲಿಲ್ಲ. ಸುತ್ತ ಗುಡಿಸುವಾಗಲೂ ಪೊರಕೆ ತಾಗದ ಹಾಗೆ ಗುಡಿಸಿದೆ. ಆದರೆ ತಳಕ್ಕೆ ತುಕ್ಕು ಹಿಡಿದು ಸೋರಿದೆ, ಬೆಕ್ಕು ತಂಪಿಗೆಂದು ಹೋಗಿ ಅಲ್ಲಿ ಮಲಗಿದೆ.

ಕೃಷಿ ಇಲಾಖೆಯ ಮಿಸ್ ಟಿಪೆಟ್ ಎಂಬಾಕೆ ಬಂದು ನೋಡಿದರು. ನಮ್ಮ ಹಳದಿಗೆ ನಿಜವಾದ ಹೆಸರು ಡೈನೋಸೆಬ್ ಅಂತೆ. ಅಮೆರಿಕದಲ್ಲಿ ಎರಡು ವರ್ಷದ ಹಿಂದೆ ನಿಲ್ಲಿಸಿಬಿಟ್ಟರಂತೆ. ಹಳೆಯ ಔಷಧಿ ಒಯ್ಯುವ ಲಾರಿ ಈ ಕಡೆಗೆ ವರ್ಷಕ್ಕೆ ಒಂದೇ ಸಲ, ಫೆಬ್ರವರಿ ಒಂಬತ್ತಕ್ಕೆ ಬರುತ್ತದೆ. ಆದರೆ ಡ್ರಮ್ಮಿನ ಚೀಟಿ ಉದುರಿಹೋಗಿದೆಯಲ್ಲ. "ನೋಡಿದರೆ ಡೈನೋಸೆಬ್ ಥರಾನೇ ಇದೆ ಮಿಸ್ಟರ್ ಡಫ್ಟಿ, ಆದ್ರೆ ಅದರ ಜೊತೆ ಇನ್ನೇನು ಬೆರೆಸಿದಾರೋ ಗೊತ್ತಿಲ್ಲದೆ ಲಾರಿಗೆ ಹತ್ತಿಸಲ್ಲ" ಅಂದರು. ಬಿಚ್ಚಿ ನೋಡುವ ಹಾಗೂ ಇಲ್ಲ. ಮುಚ್ಚಳದ ಸುತ್ತ ಒಣಗಿ ಕಟ್ಟಿದ ಪುಡಿ ತಿಕ್ಕಾಟಕ್ಕೇ ಹೊತ್ತಿಕೊಳ್ಳಬಹುದಂತೆ. ಅದನ್ನು ತುಂಬಿಸಿದವರಿಂದ ಬರೆಸಿ ಸಹಿ ಹಾಕಿಸಿ ತರಬೇಕಂತೆ.

ಬೆರೆಸುತ್ತಿದ್ದವನು ಯಾವಾಗಲೂ ನೀನು. ನಾನು ನಾಲ್ಕನೇ ತರಗತಿಗೆ ಒಮ್ಮೆ, ಏಳಕ್ಕೆ ಒಮ್ಮೆ ಶಾಲೆ ಬಿಟ್ಟವನು, ಅಳತೆ ಓದಲು ನನ್ನನ್ನು ನೀನೂ ನಂಬಲಿಲ್ಲ, ನಾನೂ ನಂಬಲಿಲ್ಲ. ದಯವಿಟ್ಟು ಅದರಲ್ಲಿ ಏನಿದೆ ಬರೆದು ಕಳಿಸು. ಆ ಬಿಳಿ ಫ್ರಾಕಿನ ವಿಷಯ ನಾನು ಈ ಪತ್ರದಲ್ಲಿ ಎತ್ತಿಲ್ಲ. ಎನಿಡ್ ಎತ್ತಿದ್ದನ್ನು ಹೇಳಿದೆ ಅಷ್ಟೆ.

ಶೆಡ್ಡಿನಿಂದ ದೂರವಾಗಿ, ಮನೆಯ ಆಚೆ ಬದಿಯ ಕೋಣೆಯಲ್ಲಿ ಕೂತು ಬರೆದಿರುವ
ವರ್ನ್ ಡಫ್ಟಿ


ಕೋಲಾಕ್, ವಿಕ್ಟೋರಿಯಾ
3 ಡಿಸೆಂಬರ್ 1988

ವರ್ನ್,

ಬೆಕ್ಕು ಬದುಕಿದ್ದು ಸಂತೋಷ.

ಡ್ರಮ್ಮಿನಲ್ಲಿ ಏನಿದೆ ಎಂದು ನನಗೆ ಚೆನ್ನಾಗಿ ನೆನಪಿದೆ. ಹೇಳುತ್ತೇನೆ. ಅದಕ್ಕೆ ಮೊದಲು ನೀನು ನನಗೊಂದು ಹೇಳಬೇಕು. ಅರವತ್ತೊಂದನೆಯ ಇಸವಿ ನವೆಂಬರಿನ ಆ ಶನಿವಾರ, ಊರಿನ ಹಾಲ್‌ನಲ್ಲಿ ನಡೆದ ಬಟಾಣಿ ಸುಗ್ಗಿಯ ಡ್ಯಾನ್ಸಿನಲ್ಲಿ, ಎನಿಡ್ ಪೈಬಸ್‌ಳ ಬಿಳಿ ಫ್ರಾಕಿನ ಹಿಂದೆ, ಸೊಂಟದಿಂದ ನಾಲ್ಕು ಬೆರಳು ಕೆಳಗೆ, ಹಳದಿ ಕೈಯಚ್ಚು ಮೂಡಿತ್ತು. ಅದು ನನ್ನ ಕೈ ಎಂದು ಅವಳಪ್ಪನಿಗೆ ಹೇಳಿದವರು ಯಾರು?

ಮಾರನೆಯ ದಿನದಿಂದ ಆ ಊರಿನಲ್ಲಿ ಒಬ್ಬನೂ ನನಗೆ ಔಷಧಿ ಹೊಡೆಯುವ ಕೆಲಸ ಕೊಡಲಿಲ್ಲ. ಹೆಣ್ಣುಮಕ್ಕಳಿದ್ದವರು ಗೇಟಿಗೆ ಸರಪಳಿ ಹಾಕಿದರು. ಕ್ರಿಸ್‌ಮಸ್ಸಿಗೆ ಮುಂಚೆ ಹಡಗು ಹತ್ತಿದೆ. ಇಷ್ಟು ವರ್ಷದಲ್ಲಿ ನಿನ್ನಿಂದ ಒಂದು ಸಾಲು ಬರಲಿಲ್ಲ. ಈಗ ಡ್ರಮ್ಮು ಸೋರಿತು ಅಂತ ನಾಲ್ಕು ಹಾಳೆ ಬಂತು.

ನೀನು ಉತ್ತರ ಕಳಿಸು, ನಾನೂ ಕಳಿಸುತ್ತೇನೆ.

ಆಥಲ್ ಕ್ರಿಸ್ಪ್


ಕಾರಿಗನ್ ರಿಡ್ಜ್
9 ಡಿಸೆಂಬರ್ 1988

ಆಥಲ್,

ನಿನ್ನ ಪತ್ರ ಬಂದಾಗಿನಿಂದ ದಿನಕ್ಕೆ ನಾಲ್ಕು ಸಲ ಓದುತ್ತಿದ್ದೇನೆ.

ಮೊದಲು ಡ್ರಮ್ಮಿನ ಸಮಾಚಾರ. ಮಿಸ್ ಟಿಪೆಟ್ ಹೇಳಿದಂತೆ ಸೋರಿದ ಕಡೆ ಮರಳು ಸುರಿದಿದ್ದೇನೆ. ನಾನು ಮರದ ಹೊಟ್ಟು ಹಾಕಲು ಹೊರಟಿದ್ದೆ, ಅವರು ಫೋನಿನಲ್ಲಿ ಕಿರುಚಿದರು. ಹೊಟ್ಟು ಉರಿಯುತ್ತದಂತೆ. ನೀರು ಬಿಟ್ಟು ತೊಳೆದುಬಿಡಲೇ ಎಂದೆ. ಆಗ ಇನ್ನೂ ಜೋರಾಗಿ ಕಿರುಚಿದರು. ತೊರೆಗೆ ಹೋದರೆ ಒಂದು ಮೀನೂ ಉಳಿಯುವುದಿಲ್ಲವಂತೆ. ಅಂದಿನಿಂದ ತೊರೆಯ ಕಡೆ ನೋಡಿದರೂ ತಪ್ಪು ಮಾಡಿದ ಹಾಗೆ ಆಗುತ್ತಿದೆ. ಶೆಡ್ಡಿನ ತಗಡಿನಲ್ಲಿ ಒಂದು ತೂತಿದೆ, ಮಧ್ಯಾಹ್ನ ಎರಡಕ್ಕೆ ಅದರಿಂದ ಬಿಸಿಲು ನೇರ ಡ್ರಮ್ಮಿನ ಮೇಲೆ ಬೀಳುತ್ತದೆ. ಅದಕ್ಕೆ ಅಮ್ಮನ ಕಪ್ಪು ಛತ್ರಿ ಬಿಚ್ಚಿ ಕಟ್ಟಿದ್ದೇನೆ. ಮನೆಯೊಳಗೆ ಛತ್ರಿ ಬಿಚ್ಚಿದರೆ ಕೇಡು ಅಂತ ಅಮ್ಮ ಹೇಳುತ್ತಿದ್ದಳು, ಶೆಡ್ಡೂ ಮನೆಯ ಲೆಕ್ಕಕ್ಕೆ ಬರುತ್ತದೆಯೋ ಇಲ್ಲವೋ ತಿಳಿಯದೆ ಎರಡು ದಿನ ಒದ್ದಾಡಿದೆ. ಎನಿಡ್‌ಳನ್ನು ಕೇಳಿದೆ.

"ನಿಂಗೆ ಭಯಪಡೋಕೆ ಅಲ್ಲೊಂದು ಡ್ರಮ್ಮೇ ಇದೆಯಲ್ಲೋ," ಅಂದಳು. "ಛತ್ರಿ ಯಾಕೆ ಬೇಕು?"

ಕೋಳಿಗಳನ್ನು ಆಚೆ ಬದಿಗೆ ಸಾಗಿಸಿದ್ದೇನೆ. ಹೊಸ ಜಾಗದಲ್ಲಿ ಮೊಟ್ಟೆ ಇಡುತ್ತಿಲ್ಲ. ಇಟ್ಟರೂ ತಿನ್ನಲು ನನಗೆ ಧೈರ್ಯವಿಲ್ಲ. ಹಳದಿ ಭಾಗವನ್ನು ಹೇಗೆ ನಂಬುವುದು?

ಇನ್ನು ನಿನ್ನ ಪ್ರಶ್ನೆ. ಪೈಬಸ್‌ಗೆ ನಿನ್ನ ಹೆಸರು ಹೇಳಿದವನು ನಾನಲ್ಲ. ಅಮ್ಮನ ಸಮಾಧಿಯಾಣೆ. ಆದರೆ ನಿನ್ನ ಕೈಯಲ್ಲ ಅಂತಲೂ ನಾನು ಹೇಳಲಿಲ್ಲ. ಹೇಳಬಹುದಿತ್ತು. ಹೇಳಲಿಲ್ಲ. ಇದಕ್ಕಿಂತ ಹೆಚ್ಚು ಬರೆಯಲು ಪೆನ್ನಿನಲ್ಲಿ ಶಾಯಿ ಮುಗಿಯುತ್ತಾ ಬಂದಿದೆ.

ಲಾರಿಗೆ ಇನ್ನು ಅರವತ್ತೆರಡು ದಿನ.

ಚಿಂತೆಯಲ್ಲಿ,
ವರ್ನ್


ಕೋಲಾಕ್
19 ಡಿಸೆಂಬರ್ 1988
(ಕಾರ್ಡು)

ಶಾಯಿ ಹನ್ನೆರಡು ಸಾಲು ಛತ್ರಿಗೆ ಸಾಕಾಯಿತು, ಐದು ಸಾಲು ನನಗೆ ಸಾಲಲಿಲ್ಲ. ಹೊಸ ಪೆನ್ನು ತಗೋ.

ಅಲ್ಲಿಯ ತನಕ ಎರಡು ಮಾತು ನೆನಪಿರಲಿ: ಅದಕ್ಕೆ ಬಿಸಿ ತಾಗಬಾರದು, ಅದು ಒಣಗಲೂಬಾರದು.

ಆಥಲ್


ಕಾರಿಗನ್ ರಿಡ್ಜ್
8 ಜನವರಿ 1989

ಆಥಲ್,

ಹೊಸ ಪೆನ್ನು ತಂದಿದ್ದೇನೆ.

ನಿನ್ನ ಕಾರ್ಡು ಓದಿದ ಮೇಲೆ ನನ್ನ ಗತಿ ಏನಾಗಿದೆ ಅಂತ ಒಮ್ಮೆ ಬಂದು ನೋಡಬೇಕು ನೀನು. ಬಿಸಿಯಾದರೆ ಒಳಗಿನದು ಕರಗಿ ಉಬ್ಬಿ ಇನ್ನಷ್ಟು ಸೋರುತ್ತದೆ, ಒಣಗಿದರೆ ಸಿಡಿಯುತ್ತದೆ. ಹಾಗಾಗಿ ಬೆಳಿಗ್ಗೆ ಎದ್ದು ಕೈಗವಸು ಹಾಕಿ, ಮೂಗಿಗೆ ಬಟ್ಟೆ ಕಟ್ಟಿ, ದೂರದಿಂದ ಹೂವಿನ ಗಿಡಕ್ಕೆ ನೀರು ಚಿಮುಕಿಸುವ ಡಬ್ಬದಲ್ಲಿ ಮರಳನ್ನು ಒದ್ದೆ ಮಾಡುತ್ತೇನೆ. ಹೆಚ್ಚಾದರೆ ತೊರೆಗೆ ಹರಿದೀತು ಎಂದು ನಿಲ್ಲಿಸುತ್ತೇನೆ. ಕಡಿಮೆ ಆಯಿತೇನೋ ಎಂದು ಮತ್ತೆ ಹೋಗುತ್ತೇನೆ. ಹೀಗೆ ಹತ್ತು ಗಂಟೆ ಆಗುತ್ತದೆ. ಮೊನ್ನೆ ಬುಧವಾರ ಇಪ್ಪತ್ತೊಂಬತ್ತು ಡಿಗ್ರಿ. ಅಂದು ಶೆಡ್ಡಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಮೂರು ಗಂಟೆ ಅದನ್ನೇ ನೋಡುತ್ತಾ ಕೂತೆ. ನೋಡುತ್ತಿದ್ದರೆ ಸಿಡಿಯುವುದಿಲ್ಲ ಅಂತಲ್ಲ. ನೋಡದೇ ಇದ್ದಾಗ ಸಿಡಿದರೆ ಎಂದು.

ಎನಿಡ್ ಬೇಲಿಯ ಮೇಲೆ ಮೊಣಕೈ ಊರಿ ನಿಂತಿದ್ದಳು. "ಅಷ್ಟು ಹೊತ್ತು ನನ್ನನ್ನ ಯಾರಾದ್ರೂ ನೋಡಿದ್ರೆ ನಾನು ಇನ್ನೊಂದು ಮದುವೆ ಆಗ್ತಿದ್ದೆ" ಅಂದಳು. "ಬಿಷಪ್ ಹೇಗಿದ್ದಾನೆ" ಎಂದು ಕೇಳಿದೆ.

ಆ ಕುರ್ಚಿಯಲ್ಲಿ ಕೂತಾಗಲೇ ನಿನಗೆ ಬರೆಯಬೇಕೆಂದು ತೀರ್ಮಾನಿಸಿದೆ. ಅದು ಸಿಡಿದು ನಾನು ಹೋದರೆ ಈ ಮಾತೂ ನನ್ನ ಜೊತೆ ಹೋಗುತ್ತದೆ. ಆದ್ದರಿಂದ ಒಂದೇ ಉಸಿರಿಗೆ ಬರೆಯುತ್ತೇನೆ.

ಆ ಕೈ ನನ್ನದು.

ನೀನು ಅಂದು ಎಲ್ಲೂ ಕಾಣಲಿಲ್ಲ. ಎನಿಡ್ ಗೋಡೆಯ ಪಕ್ಕ ಒಬ್ಬಳೇ ಕೂತಿದ್ದಳು. "ವರ್ನ್, ನೀನಾದ್ರೂ ಬಾರೋ" ಅಂದಳು. ಆ "ಆದ್ರೂ" ನನಗೆ ಬೇಕಾದಷ್ಟಾಗಿತ್ತು. ಬೆಳಿಗ್ಗೆಯೆಲ್ಲ ನಾವು ಹಳದಿ ಹೊಡೆದಿದ್ದೆವು, ನೆನಪಿರಬೇಕು. ಸಂಜೆ ಸೀಮೆಎಣ್ಣೆಯಲ್ಲಿ ಒಮ್ಮೆ, ಮರಳು ಬೆರೆಸಿದ ಸೋಪಿನಲ್ಲಿ ಎರಡು ಸಲ ತೊಳೆದುಕೊಂಡಿದ್ದೆ. ಆದರೆ ಅದು ತೊಳೆದರೆ ಹೋಗುವ ಬಣ್ಣವಲ್ಲ, ಚರ್ಮ ಸುಲಿದು ಉಗುರು ಬೆಳೆದು ಹೋಗಬೇಕು. ಕೈ ಒಣಗಿದ್ದಾಗ ಏನೂ ಮಾಡುವುದಿಲ್ಲ. ಬೆವರಿದರೆ ಮಾತ್ರ ಮುಟ್ಟಿದಲ್ಲಿಗೆ ಇಳಿಯುತ್ತದೆ. ನಾನು ಬೆವರಿದೆ.

ಕೈ ಎಲ್ಲಿಡಬೇಕೆಂದು ಗೊತ್ತಾಗಲಿಲ್ಲ, ಆಥಲ್. ಸೊಂಟದ ಮೇಲಿಟ್ಟೆ. ಅಲ್ಲಿ ಬಿಗಿಯಾಯಿತೇನೋ, ತಪ್ಪು ತಿಳಿದಾಳು ಎಂದು ಸ್ವಲ್ಪ ಸರಿಸಿದೆ. ಸರಿದದ್ದು ಕೆಳಕ್ಕೆ. ಅದು ಇನ್ನೂ ಕೆಟ್ಟ ಜಾಗ ಎಂದು ತಿಳಿದಾಗ, ಈಗ ತೆಗೆದರೆ ಇಟ್ಟಿದ್ದೆ ಅಂತ ಗೊತ್ತಾಗಿಬಿಡುತ್ತದೆ ಎಂದು ಹೆದರಿ ತೆಗೆಯಲೇ ಇಲ್ಲ. ಹಾಡು ಮುಗಿಯುವ ತನಕ ಅಲ್ಲೇ ಇತ್ತು. ಅವರು ಅಂದು ಆ ಹಾಡನ್ನು ಎರಡು ಸಲ ಬಾರಿಸಿದರು.

ಆಮೇಲೆ ಯಾರೋ ಹೆಂಗಸು ಕೂಗಿದಳು. ಪೈಬಸ್ ಹಾಲ್‌ನ ನಡುವೆ ಬಂದು, "ಎಲ್ಲಿ ಆ ಆಥಲ್ ಕ್ರಿಸ್ಪ್?" ಎಂದು ಗುಡುಗಿದರು. ನಾನು ಚಹಾ ಪಾತ್ರೆಯ ಪಕ್ಕದಲ್ಲಿದ್ದೆ. ಬಾಯಿ ತೆರೆದಿದ್ದೆ. ನಿಜವಾಗಿಯೂ ತೆರೆದಿದ್ದೆ. ಅಷ್ಟರಲ್ಲಿ ಯಾರೋ ಅದರೊಳಕ್ಕೆ ಒಂದು ಕೇಕು ತುರುಕಿ, "ತಿನ್ನು ವರ್ನ್, ಬಿಳಿಚಿಕೊಂಡಿದೀಯ" ಅಂದರು. ನುಂಗುವಷ್ಟರಲ್ಲಿ ನಿನ್ನನ್ನು ಗೇಟಿನಾಚೆ ದಬ್ಬಿ ಆಗಿತ್ತು. ಎರಡೂ ಕೈ ಜೇಬಿಗೆ ಹಾಕಿಕೊಂಡು ಮನೆಗೆ ನಡೆದೆ.

ಈಗ ಹೇಳಿದೆ. ಡ್ರಮ್ಮಿನಲ್ಲಿ ಏನಿದೆ ಎಂದು ನೀನು ಹೇಳದಿದ್ದರೂ ನನ್ನದೇನೂ ದೂರಿಲ್ಲ. ಲಾರಿಗೆ ಮೂವತ್ತೆರಡು ದಿನ.

ನಿನ್ನ ಕ್ಷಮೆಗೆ ಯೋಗ್ಯನಲ್ಲದ
ವರ್ನ್


ಕೋಲಾಕ್
17 ಜನವರಿ 1989

ಲೇ ವರ್ನ್,

ಇದರ ಜೊತೆ ಬೇರೆ ಹಾಳೆ ಇಟ್ಟಿದ್ದೇನೆ, ಅದು ಮಿಸ್ ಟಿಪೆಟ್‌ಗೆ. ಸಹಿ ಹಾಕಿದ್ದೇನೆ. ಒಳಗಿರುವುದು ಎರಡು ಬಗೆಯ ಹಳದಿ: ಬಟಾಣಿಗೆ ಹೊಡೆಯುತ್ತಿದ್ದ ನೀರಿಗೆ ಬೆರೆಯುವುದು ಅರ್ಧ, ಆಲೂಗಡ್ಡೆಯ ಹಂಬು ಒಣಗಿಸಲು ಹೊಡೆಯುತ್ತಿದ್ದ ಎಣ್ಣೆಯದು ಅರ್ಧ. ಎರಡೂ ಡೈನೋಸೆಬ್, ಬೇರೆ ಏನೂ ಇಲ್ಲ. ಡ್ರಮ್ಮು ಉಳಿಸೋಣ ಅಂತ ಒಂದಕ್ಕೇ ಸುರಿದೆ, ದಡ್ಡ ಕೆಲಸ. ಆಕೆಗೆ ಈ ಮಾತೂ ಹೇಳು.

ಅದು ನಿನ್ನ ಕೈ ಅಂತ ನನಗೆ ಅಂದೇ ಗೊತ್ತಿತ್ತು. ನಾನು ಹಾಲ್‌ನ ಹಿಂದೆ ಬಿಯರ್ ಕುಡಿಯುತ್ತಾ ಇದ್ದೆ. ಎನಿಡ್ ಕೋಟು ತರಲು ಹಿಂಬಾಗಿಲಿನಿಂದ ಓಡಿಬಂದಳು, ಹಿಂದಿನಿಂದ ನೋಡಿದೆ. ನಾಲ್ಕು ಬೆರಳು ನೆಟ್ಟಗೆ, ಹೆಬ್ಬೆರಳು ಮಾತ್ರ ಹೊರಕ್ಕೆ ಸೊಟ್ಟ. ಆಲೂಗಡ್ಡೆ ಕೀಳುವ ಯಂತ್ರಕ್ಕೆ ಕೊಟ್ಟು ವಾಪಸು ತಂದ ಹೆಬ್ಬೆರಳು ಆ ದ್ವೀಪದಲ್ಲೆಲ್ಲ ನಿನಗೊಬ್ಬನಿಗೇ ಇರುವುದು. ಇಷ್ಟು ವರ್ಷ ಗುಟ್ಟು ಕಾಯ್ದೆ ಅಂದುಕೊಂಡೆಯಲ್ಲ, ಪಾಪ.

ಗೇಟಿನ ಹತ್ತಿರ ನಾನೂ ಹೇಳಬಹುದಿತ್ತು. ಹೇಳಲಿಲ್ಲ. ನಾನಾದರೆ ಹಡಗು ಹತ್ತುತ್ತೇನೆ, ನೀನು ಆ ವಾರ ಪೂರ್ತಿ ಬದುಕುತ್ತಿರಲಿಲ್ಲ. ನಿನ್ನ ಅಮ್ಮನೂ ಹಾಸಿಗೆ ಹಿಡಿದಿದ್ದರು. ಆಮೇಲೆ ದಾರಿಯಲ್ಲಿ ಒಬ್ಬ ಸಿಕ್ಕಿ, ನನ್ನ ಹೆಸರು ಪೈಬಸ್‌ಗೆ ನನ್ನ ಹತ್ತಿರದವರೇ ಕೊಟ್ಟಿದ್ದು ಅಂದ. ನನಗೆ ಅಲ್ಲಿ ಹತ್ತಿರದವನು ಅಂತ ಇದ್ದವನು ನೀನೊಬ್ಬನೇ. ಕೈ ನಿನ್ನದು, ಹೆಸರು ಕೊಟ್ಟವನೂ ನೀನು ಅಂದುಕೊಂಡೆ. ಅದನ್ನು ನುಂಗಲು ಆಗಲಿಲ್ಲ. ನೀನು ಡಿಸೆಂಬರಿನಲ್ಲಿ ಅಲ್ಲ ಅಂದಾಗ ನಂಬಿರಲಿಲ್ಲ. ಈಗ ನಂಬುತ್ತೇನೆ. ಕೈ ಎಲ್ಲಿಂದ ಎಲ್ಲಿಗೆ ಸರಿಯಿತು ಅಂತ ಇಷ್ಟು ವಿವರವಾಗಿ ಬರೆದವನು ಇನ್ನೊಂದನ್ನು ಮುಚ್ಚಿಡುವುದಿಲ್ಲ.

ಹೊರಡುವ ದಿನ ಬೆಳಿಗ್ಗೆ ನಿನ್ನ ಶೆಡ್ಡಿಗೆ ಬಂದಿದ್ದೆ. ಔಷಧಿ ಹೊಡೆಯುವ ಸಾಮಾನಿನಲ್ಲಿ ನನ್ನ ಪಾಲು ಒಯ್ಯಲು ಅಂತ. ಆ ಡ್ರಮ್ಮು ನೋಡಿದೆ. ಇವನು ಒಬ್ಬನೇ ಅಳತೆ ತಪ್ಪಿ ಬೆರೆಸಿ, ಬಿಸಿಲಿನಲ್ಲಿ ಹೊಡೆಯಲು ಹೋಗಿ ಬೀಳುತ್ತಾನೆ, ತೊಟ್ಟಿಗೆ ಹಾಕಲು ಯಾರೂ ಇರುವುದಿಲ್ಲ ಅನ್ನಿಸಿತು. ಕೆಂಪು ಬಣ್ಣ ಅಲ್ಲೇ ಇತ್ತು, ಬರೆದೆ. ಕೋಪ ಬಂದಿತ್ತು. ನೀನು ಸಾಯಲಿ ಅನ್ನುವಷ್ಟು ಬಂದಿರಲಿಲ್ಲ.

ಹಾಗಾದರೆ ಹೆಸರು ಕೊಟ್ಟವರು ಯಾರು ಮಾರಾಯ?

ಆಥಲ್


ಕಾರಿಗನ್ ರಿಡ್ಜ್
25 ಜನವರಿ 1989

ಆಥಲ್ ಕ್ರಿಸ್ಪ್,

ನಾನು ಎನಿಡ್. ಮುಂಚೆ ಪೈಬಸ್, ನಡುವೆ ಗಂಡನ ಹೆಸರಿನವಳು, ಈಗ ಬೆಕ್ಕಿನ ಒಡತಿ.

ಸೋಮವಾರ ವರ್ನ್ ನಿನ್ನ ಪತ್ರ ಹಿಡಿದು ಬಂದ. ಟೋಪಿ ಕೈಯಲ್ಲಿ. ಒಳಗೆ ಬಾ ಅಂದರೆ ಬರಲಿಲ್ಲ, ಮೆಟ್ಟಿಲ ಮೇಲೇ ನಿಂತು ಶುರು ಮಾಡಿದ.

"ಎನಿಡ್ ಅವರೇ, ನಿಮಗೊಂದು ವಿಷಯ ಹೇಳ್ಬೇಕು. ನೀವು ಬೇಲಿಯಾಚೆಗೆ ನನ್ನ ಮುಖ ನೋಡದೆ ಇದ್ರೂ ಪರವಾಗಿಲ್ಲ. ಆವತ್ತಿನ ಆ ಕೈ ಆಥಲ್‌ದಲ್ಲ."

"ಗೊತ್ತು," ಅಂದೆ.

"ನಂದು."

"ಗೊತ್ತು ಕಣೋ. ನೀನು ನನ್ನ ಜೊತೆ ಡ್ಯಾನ್ಸು ಮಾಡ್ತಿದ್ದೆ. ನಾನೂ ಅಲ್ಲೇ ಇದ್ದೆ."

ಅವನ ಮುಖ ನೀನು ನೋಡಬೇಕಿತ್ತು. ನನ್ನ ಫ್ರಾಕಿನ ಮೇಲಿನ ಕೈ ಯಾರದೆಂದು ನನಗೆ ಗೊತ್ತಿರುತ್ತದೆ ಎಂಬುದು ಇಪ್ಪತ್ತೇಳು ವರ್ಷದಲ್ಲಿ ಒಮ್ಮೆಯೂ ಅವನ ತಲೆಗೆ ಹೋಗಿಲ್ಲ. ಅವನು ಮೆಟ್ಟಿಲ ಮೇಲೆ ಕೂತುಬಿಟ್ಟ. ಬಿಷಪ್ ಹೋಗಿ ಅವನ ಪಕ್ಕ ಕೂತ, ಮೈ ತೊಳೆಸಿಕೊಂಡ ದಿನದಿಂದ ಮೊದಲ ಸಲ.

"ಮತ್ತೆ... ಆಥಲ್ ಹೆಸರು ನಿಮ್ಮಪ್ಪನಿಗೆ..."

"ನಾನೇ ಹೇಳ್ದೆ."

ಆಥಲ್, ಇನ್ನು ಉಳಿದದ್ದು ನಿನಗೆ. ನೀನು ನನಗೆ ಮೂರು ಡ್ಯಾನ್ಸು ಕೊಡುತ್ತೇನೆ ಅಂದಿದ್ದೆ. ಆ ಬಿಳಿ ಫ್ರಾಕು ಹೊಲಿಸಿದ್ದು ನಿನ್ನ ಮೂರು ಡ್ಯಾನ್ಸಿಗೆ. ಮೂರೂ ಮುಗಿದವು, ನೀನು ಹಾಲ್‌ನ ಹಿಂದೆ ಬಿಯರ್ ಬಾಟಲಿಯ ಜೊತೆ ಇದ್ದೆ. ನನಗೆ ಹತ್ತೊಂಬತ್ತು ವರ್ಷ, ಮೈಯೆಲ್ಲ ಸಿಟ್ಟು. ಅಪ್ಪ ಬಂದು "ಯಾರ ಕೈಯೇ ಇದು?" ಅಂದಾಗ ಬಾಯಿಗೆ ಬಂದದ್ದು ನಿನ್ನ ಹೆಸರು. ವರ್ನ್ ಪಾಪ, ನನ್ನ ಕಾಲು ಆರು ಸಲ ತುಳಿದು ಹನ್ನೆರಡು ಸಲ ಕ್ಷಮೆ ಕೇಳಿದ್ದ, ಅವನನ್ನು ಅಪ್ಪನ ಬಾಯಿಗೆ ಕೊಡಲು ಮನಸ್ಸಾಗಲಿಲ್ಲ. ಅಪ್ಪ ನಿನಗೆ ನಾಲ್ಕು ಬೈದು ಬಿಡುತ್ತಾರೆ ಅಂದುಕೊಂಡಿದ್ದೆ. ಊರು ಬಿಡಿಸುತ್ತಾರೆಂದು ಗೊತ್ತಿರಲಿಲ್ಲ. ಗೊತ್ತಾದಾಗ ನಿನ್ನ ಹಡಗು ಹೋಗಿತ್ತು, ಆಮೇಲೆ ಹೇಳಲು ನಾಚಿಕೆಯಾಯಿತು, ನಾಚಿಕೆ ಹಳತಾದ ಮೇಲೆ ಇನ್ನೂ ಹೆಚ್ಚಾಯಿತು. ತಪ್ಪಾಯಿತು. ಮುಖ ನೋಡಿಕೊಂಡು ಹೇಳಬೇಕಿತ್ತು, ಕಾಗದದಲ್ಲಿ ಹೇಳುತ್ತಿದ್ದೇನೆ.

ಫ್ರಾಕು ಇನ್ನೂ ಇದೆ. ಅಮ್ಮ ಕುದಿಸಿದಳು, ನಿಂಬೆರಸ ಹಚ್ಚಿ ಬಿಸಿಲಿಗೆ ಹಾಕಿದಳು, ಅಪ್ಪ ಸುಡಲು ಹೇಳಿದರು. ನಾನು ಪೆಟ್ಟಿಗೆಯ ತಳಕ್ಕೆ ಹಾಕಿದೆ. ಮಿಸ್ ಟಿಪೆಟ್‌ಗೆ ತೋರಿಸಿದೆ. "ಮುಟ್ಟಿದ ಮೇಲೆ ಕೈ ತೊಳ್ಕೊಳ್ಳಿ" ಅಂದರು. ವರ್ನ್‌ಗೂ ತೋರಿಸಿದೆ. ಅವನು ತನ್ನ ಕೈಯನ್ನು ಒಂದಡಿ ದೂರದಲ್ಲಿ ಹಿಡಿದು ಅಳತೆ ನೋಡಿದ. ಮುಟ್ಟಲಿಲ್ಲ.

ಎನಿಡ್


ಕಾರಿಗನ್ ರಿಡ್ಜ್
10 ಫೆಬ್ರವರಿ 1989

ಆಥಲ್,

ಡ್ರಮ್ಮು ಹೋಯಿತು.

ನಿನ್ನೆ ಬೆಳಿಗ್ಗೆ ಎಂಟಕ್ಕೆ ಲಾರಿ ಬಂತು. ಮಿಸ್ ಟಿಪೆಟ್ ನಿನ್ನ ಹಾಳೆ ಎರಡು ಸಲ ಓದಿ, "ಇವರು ತಮ್ಮನ್ನ ತಾವೇ ದಡ್ಡ ಅಂತ ಬರ್ಕೊಂಡಿದಾರೆ, ನಮ್ಮ ಫಾರಮ್ಮಲ್ಲಿ ಅದಕ್ಕೆ ಜಾಗ ಇಲ್ಲ" ಅಂದರು. ಇಬ್ಬರು ಗಂಡಸರು ತಲೆಯಿಂದ ಕಾಲಿನ ತನಕ ಬಿಳಿ ಉಡುಪು ಹಾಕಿ, ಮುಖಕ್ಕೆ ಮುಸುಕು ಕಟ್ಟಿ ಒಳಗೆ ಹೋದರು. ದೊಡ್ಡದೊಂದು ಉಕ್ಕಿನ ಪೀಪಾಯಿಯೊಳಗೆ ಡ್ರಮ್ಮನ್ನು ಇಳಿಸಿ, ಸುತ್ತಲೂ ಮರಳು ತುಂಬಿ, ಮೇಲಿನಿಂದ ಮುಚ್ಚಿದರು. ನೆಲದ ಮಣ್ಣನ್ನೂ ಒಂದಡಿ ಅಗೆದು ಒಯ್ದರು. ನಾನು ಎಂಬತ್ತು ಮಾರು ದೂರ ನಿಂತು ಕಿವಿಗೆ ಬೆರಳಿಟ್ಟುಕೊಂಡಿದ್ದೆ. ಎನಿಡ್ ಪಕ್ಕದಲ್ಲೇ ನಿಂತು ಏನೋ ಹೇಳುತ್ತಿದ್ದಳು, ಕೇಳಿಸಲಿಲ್ಲ. ಆಮೇಲೆ ಏನೆಂದು ಕೇಳಿದೆ. "ಇನ್ನು ಯಾವಾಗ ಕೇಳಿದ್ರೂ ಹೇಳಲ್ಲ" ಅಂದಳು. ಅದೊಂದು ಹೊಸ ಚಿಂತೆ ಹತ್ತಿದೆ.

ಗಂಡಸರು ಹೊರಗೆ ಬಂದಾಗ ಅವರ ಬಿಳಿ ಉಡುಪಿನ ಮೊಣಕಾಲು ಹಳದಿ ಆಗಿತ್ತು. ಎನಿಡ್ ನಕ್ಕು ನಕ್ಕು ಬೇಲಿ ಹಿಡಿದುಕೊಂಡಳು. ನಾನೂ ನಕ್ಕೆ. ಅದನ್ನು ನೋಡಿ ನಗುತ್ತೇನೆ ಎಂದು ನಾನು ಅಂದುಕೊಂಡಿರಲಿಲ್ಲ.

ನೀನು ಬರೆದ ಆ ಕೆಂಪು ಅಕ್ಷರದ ತಗಡಿನ ಭಾಗ ಕತ್ತರಿಸಿ ಕೊಡುತ್ತೀರಾ ಎಂದು ಮಿಸ್ ಟಿಪೆಟ್‌ರನ್ನು ಕೇಳಿದೆ. "ಮಿಸ್ಟರ್ ಡಫ್ಟಿ, ಅದರಲ್ಲಿ ಏನು ಬರೆದಿದೆ ಓದಿ" ಅಂದರು.

ಇಂದು ಬೆಳಿಗ್ಗೆ ಐದಕ್ಕೇ ಎಚ್ಚರವಾಗಿ, ಕೈಗವಸು ಹಾಕಿ, ನೀರಿನ ಡಬ್ಬ ಹಿಡಿದು ಶೆಡ್ಡಿನ ತನಕ ಹೋಗಿಬಿಟ್ಟೆ. ಅಲ್ಲಿ ಒಂದು ಗುಂಡಿ, ಮೇಲೆ ಅಮ್ಮನ ಛತ್ರಿ. ನೀರನ್ನು ಎನಿಡ್‌ಳ ಟೊಮೇಟೊ ಗಿಡಕ್ಕೆ ಹಾಕಿ ಬಂದೆ. ಡಬ್ಬವನ್ನು ಮೊದಲು ತೊಳೆದಿದ್ದೆನೇ ಎಂದು ಈಗ ಬರೆಯುವಾಗ ಸಂಶಯ ಬರುತ್ತಿದೆ. ಡ್ರಮ್ಮಿಗೆ ಅದು ತಾಗಿರಲಿಲ್ಲ, ಆದರೂ ಆ ಟೊಮೇಟೊ ತಿನ್ನಬೇಡಿ ಎಂದು ಹೇಳಿಬರುತ್ತೇನೆ.

ಇನ್ನೊಂದು ಮಾತು. ಊರಿನ ಹಾಲ್‌ನ ಛಾವಣಿ ಸೋರುತ್ತಿದೆ, ಅದರ ರಿಪೇರಿಗೆ ಮಾರ್ಚ್ ಹನ್ನೊಂದರ ಶನಿವಾರ ಡ್ಯಾನ್ಸು ಇಟ್ಟಿದ್ದಾರೆ. ನೀನು ಬರಬೇಕೆಂದು ನಾನು ಹೇಳುತ್ತಿಲ್ಲ. ಬಾರದಿದ್ದರೆ ಬೇಸರವಿಲ್ಲ. ಬೇಸರವಿದೆ. ಆದರೆ ಬಂದರೆ ಎಲ್ಲಿ ಮಲಗಿಸುವುದು ಎಂಬ ಚಿಂತೆಯೂ ಇದೆ. ಮುಂದಿನ ಕೋಣೆಯ ಹಾಸಿಗೆ ನಡುವೆ ತಗ್ಗಾಗಿದೆ, ಹಿಂದಿನ ಕೋಣೆಯ ಕಿಟಕಿ ಮುಚ್ಚುವುದಿಲ್ಲ, ನಿನಗೆ ಮೊದಲಿನಿಂದಲೂ ಬೆನ್ನು ನೋವು. ನನ್ನ ಹಾಸಿಗೆ ನಿನಗೆ ಕೊಟ್ಟು ನಾನು ತಗ್ಗಿನಲ್ಲಿ ಮಲಗುತ್ತೇನೆ. ಊರಿನಲ್ಲಿ ಯಾರಾದರೂ ಹಳೆಯ ಮಾತೆತ್ತಿದರೆ ಕೈ ಯಾರದೆಂದು ನಾನೇ ಹೇಳುತ್ತೇನೆ. ಹಾಲ್‌ನ ನಡುವೆ ನಿಂತು ಹೇಳುತ್ತೇನೆ. ಬಾಯಲ್ಲಿ ಕೇಕಿದ್ದರೆ ನುಂಗಿ ಹೇಳುತ್ತೇನೆ. ಎನಿಡ್ ಹೊಸ ಫ್ರಾಕು ಹೊಲಿಸಿದ್ದಾಳೆ. ಯಾವ ಬಣ್ಣ ಎಂದು ಕೇಳಲು ನನಗೆ ಧೈರ್ಯವಾಗಲಿಲ್ಲ.

ದಾರಿ ನೋಡುತ್ತಿರುವ
ವರ್ನ್


ಕೋಲಾಕ್
18 ಫೆಬ್ರವರಿ 1989

ಲೇ ವರ್ನ್,

ಮಾರ್ಚ್ ಹತ್ತರ ಬೆಳಿಗ್ಗೆ ಹಡಗು ಡೆವನ್‌ಪೋರ್ಟ್ ಮುಟ್ಟುತ್ತದೆ. ಟಿಕೇಟು ತಗೊಂಡಿದ್ದೇನೆ. ಕಡಲು ಹೇಗಿರುತ್ತೋ, ಹಡಗು ಮುಳುಗುತ್ತೋ ಅಂತ ನೀನು ಯೋಚನೆ ಶುರು ಮಾಡಬೇಡ, ಅದನ್ನು ಕ್ಯಾಪ್ಟನ್ ನೋಡಿಕೊಳ್ಳುತ್ತಾನೆ. ತಗ್ಗಿನ ಹಾಸಿಗೆ ನನಗಿರಲಿ.

ಎನಿಡ್‌ಗೆ ಹೇಳು: ಅವಳ ಪತ್ರ ಮೂರು ಸಲ ಓದಿದೆ. ಮೊದಲ ಸಲ ಕೋಪ ಬಂತು. ಎರಡನೆಯ ಸಲ ಬಿಯರ್ ಬಾಟಲಿ ನೆನಪಾಯಿತು. ಮೂರನೆಯ ಸಲ ನಗು ತಡೆಯಲಾಗಲಿಲ್ಲ. ಮೂರು ಡ್ಯಾನ್ಸು ಅಂದಿದ್ದೆ, ಮೂರೂ ಮಾಡುತ್ತೇನೆ. ಈ ಸಲ ಹಾಲ್‌ನ ಹಿಂದಕ್ಕೆ ಹೋಗುವುದಿಲ್ಲ.

ನಾಲ್ಕನೆಯದು ನಿನ್ನದು. ಹೊಸ ಫ್ರಾಕೂ ಬಿಳಿಯದೇ ಎಂದು ಅವಳು ಇನ್ನೊಂದು ಕಾರ್ಡಿನಲ್ಲಿ ನನಗೆ ಬರೆದಿದ್ದಾಳೆ. ಹಾಗಾಗಿ ನೀನು ಅವಳ ಹತ್ತಿರ ಹೋಗುವ ಮುಂಚೆ ಬಾಗಿಲಲ್ಲಿ ನನಗೆ ಕೈ ತೋರಿಸಿ ಹೋಗು. ಎರಡೂ ಕೈ.

ಆಮೇಲೆ ಧೈರ್ಯವಾಗಿ ಮುಟ್ಟು.

ಆ.